ಶಾಲೆಯೋ, ಕೂಸಿನ ಮನೆಯೋ?

ಈ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೆ ಬರೆಯುತ್ತೇನೆ ಎಂದಾಗ ನಮ್ಮ ಟೀಚರ್‌ಗೆ ಖುಷಿಯಾಯಿತು. ವಿಷಯ ಹೇಳಿದ ಮೇಲೆ ಒಂದು ಕ್ಷಣ ಸುಮ್ಮನಾದರು. "ಹಂಪಿ ಇದೆ, ಪುಲಕೇಶಿ ಇದ್ದಾನೆ, ಕಿತ್ತೂರು ಚೆನ್ನಮ್ಮ ಇದ್ದಾಳೆ. ಡೇಕೇರ್‌ಗೂ ಒಂದು ಇತಿಹಾಸ ಇದೆಯೇನಮ್ಮ?" ಎಂದರು. ಇದೆ. ಅದರಲ್ಲಿ ದೊಡ್ಡ ಪಾಲು ನಾವಿರುವ ಊರುಗಳಲ್ಲೇ ನಡೆದಿದೆ. ಶಿಕಾಗೊದಿಂದ ಡೆಟ್ರಾಯ್ಟ್ ಕಡೆಗೆ ಐ-94 ಹೆದ್ದಾರಿಯಲ್ಲಿ ಹೋದರೆ ಅದರ ಮುಖ್ಯ ಜಾಗಗಳು ಒಂದೊಂದಾಗಿ ಸಿಗುತ್ತವೆ. ಕ್ಯಾಂಟನ್‌ನಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗುವಾಗಲೆಲ್ಲ ನಾವು ಅವುಗಳ ಪಕ್ಕದಲ್ಲೇ ಹಾದು ಹೋಗುತ್ತೇವೆ. ಹಿಂದಿನ ಸೀಟಿನಲ್ಲಿ ತಮ್ಮ ಮತ್ತು ನಾನು ಚಾರ್ಜರ್‌ಗಾಗಿ ಜಗಳವಾಡುತ್ತಿರುತ್ತೇವೆ, ಅಷ್ಟೆ.

ನನ್ನ ಪ್ರಶ್ನೆ ಇದು. ಮೂರು, ನಾಲ್ಕು, ಐದು ವರ್ಷದ ಮಗುವನ್ನು ಶಾಲೆಗೆ ಕಳಿಸುವುದು ಅದು ಕಲಿಯಲಿ ಎಂದೋ, ಅಥವಾ ಅಪ್ಪ ಅಮ್ಮ ಕೆಲಸಕ್ಕೆ ಹೋಗಿ ಬರುವವರೆಗೆ ಯಾರಾದರೂ ನೋಡಿಕೊಳ್ಳಲಿ ಎಂದೋ? ದೊಡ್ಡವರನ್ನು ಕೇಳಿದರೆ ಎಲ್ಲರೂ "ಎರಡೂ" ಎನ್ನುತ್ತಾರೆ. ಆದರೆ ಇತಿಹಾಸ ನೋಡಿದರೆ ಸರ್ಕಾರಗಳು, ದಾನಿಗಳು, ಪಂಡಿತರು ಯಾರೂ "ಎರಡೂ" ಎಂದು ಸುಲಭವಾಗಿ ಒಪ್ಪಿಲ್ಲ. ದುಡ್ಡು ಕೊಡುವಾಗ ಒಂದನ್ನು ಆರಿಸಿದ್ದಾರೆ. ಯಾವುದನ್ನು ಆರಿಸಿದರು ಎನ್ನುವುದರ ಮೇಲೆ ಯಾವ ಮಗು ಒಳಗೆ ಬಂತು, ಯಾವ ಮಗು ಹೊರಗೆ ಉಳಿಯಿತು ಎನ್ನುವುದು ತೀರ್ಮಾನವಾಗಿದೆ.

ಮೊದಲು ಯುರೋಪಿನ ಮಾತು ಎರಡು ಸಾಲಿನಲ್ಲಿ. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್‌ನಲ್ಲಿ ರಾಬರ್ಟ್ ಓವೆನ್ 1816ರಲ್ಲಿ ತನ್ನ ಹತ್ತಿ ಗಿರಣಿಯ ಕೆಲಸಗಾರರ ಮಕ್ಕಳಿಗಾಗಿ ಒಂದು ಶಿಶುಶಾಲೆ ತೆರೆದ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟ. ಓವೆನ್ನನ ಶಾಲೆಯ ಪಕ್ಕದಲ್ಲಿ ಗಿರಣಿಯ ಗಂಟೆ ಇತ್ತು. ಫ್ರೋಬೆಲ್ಲನ ತೋಟದಲ್ಲಿ ಮರದ ಚೆಂಡು, ಘನಾಕೃತಿ, ಹಾಡು, ಆಟ ಇದ್ದವು. ಅಮೆರಿಕಕ್ಕೆ ಎರಡೂ ಬಂದವು, ಆದರೆ ಬೇರೆ ಬೇರೆ ಬಾಗಿಲಿನಿಂದ.

ಆ ಎರಡು ಬಾಗಿಲುಗಳನ್ನು ಒಂದೇ ಮನೆಯಲ್ಲಿ ನೋಡಬೇಕಾದರೆ ಶಿಕಾಗೊದ ಹಾಲ್‌ಸ್ಟೆಡ್ ಸ್ಟ್ರೀಟ್‌ಗೆ ಹೋಗಬೇಕು. 1889ರ ಸೆಪ್ಟೆಂಬರ್‌ನಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅಲ್ಲಿ ‘ಹಲ್ ಹೌಸ್’ ಆರಂಭಿಸಿದರು. ಸುತ್ತಮುತ್ತ ಇಟಲಿ, ಜರ್ಮನಿ, ಗ್ರೀಸ್, ರಷ್ಯಾ, ಪೋಲೆಂಡ್‌ನಿಂದ ಬಂದ ವಲಸಿಗರು. ಒಂದು ರೀತಿಯಲ್ಲಿ ನಮ್ಮ ಹಾಗೇ, ಆದರೆ ಎಚ್-1ಬಿ ಇಲ್ಲದೆ ಬಂದವರು. ಹಲ್ ಹೌಸ್ ಮೊದಮೊದಲು ಶುರುಮಾಡಿದ ಕೆಲಸಗಳಲ್ಲಿ ಒಂದು ಕಿಂಡರ್‌ಗಾರ್ಟನ್. ಮನೆಯ ಹಜಾರದಲ್ಲೇ ಜೆನ್ನಿ ಡೌ ಎಂಬ ಯುವತಿ ಅದನ್ನು ನಡೆಸಿದಳು. ಬೆಳಗಿನ ಹೊತ್ತು ಹಾಡು, ಆಟ, ಕೈಕೆಲಸ. ನೋಡುವುದಕ್ಕೆ ಬಹಳ ಚೆಂದ.

ಆದರೆ ಮಧ್ಯಾಹ್ನಕ್ಕೆ ಮುಗಿಯುವ ಹಾಡು ಆಟದಿಂದ ಹೊಲಿಗೆ ಕಾರ್ಖಾನೆಗೆ ಹೋಗುವ ತಾಯಿಗೆ ಏನು ಉಪಯೋಗ? ಜೇನ್ ಆಡಮ್ಸ್ 1910ರಲ್ಲಿ ಬರೆದ ತಮ್ಮ ನೆನಪುಗಳ ಪುಸ್ತಕದಲ್ಲಿ ಒಂದು ಸಂಗತಿ ಹೇಳುತ್ತಾರೆ. ಆ ಬೀದಿಗಳಲ್ಲಿ ಅವರು ಮೊದಲು ಕಂಡ ಮೂವರು ಅಂಗವಿಕಲ ಮಕ್ಕಳೂ ತಾಯಿ ಕೆಲಸಕ್ಕೆ ಹೋಗಿದ್ದಾಗ ಗಾಯಗೊಂಡವರು. ಒಂದು ಮಗು ಮೇಲಿನ ಮಹಡಿಯ ಕಿಟಕಿಯಿಂದ ಬಿದ್ದಿತ್ತು. ಇನ್ನೊಂದಕ್ಕೆ ಬೆಂಕಿ ತಗಲಿತ್ತು. ಮೂರನೆಯದರ ಬೆನ್ನು ಬಾಗಿಹೋಗಿತ್ತು, ಯಾಕೆಂದರೆ ಮೂರು ವರ್ಷ ಅದನ್ನು ದಿನವಿಡೀ ಅಡಿಗೆಮನೆಯ ಮೇಜಿನ ಕಾಲಿಗೆ ಕಟ್ಟಿಹಾಕುತ್ತಿದ್ದರು. ಮಧ್ಯಾಹ್ನ ಮಾತ್ರ ಅದರ ಅಣ್ಣ ಹತ್ತಿರದ ಕಾರ್ಖಾನೆಯಿಂದ ಓಡಿಬಂದು ಬಿಚ್ಚಿ, ತನ್ನ ಊಟದಲ್ಲಿ ಪಾಲು ಕೊಟ್ಟು, ಮತ್ತೆ ಓಡುತ್ತಿದ್ದ. ಆ ಅಣ್ಣನಿಗೆ ವಯಸ್ಸು ಎಷ್ಟಿತ್ತೋ, ಅವನು ಶಾಲೆಗೆ ಹೋಗುತ್ತಿರಲಿಲ್ಲ ಎನ್ನುವುದಂತೂ ಸ್ಪಷ್ಟ. ಇದನ್ನು ಓದಿದ ಮೇಲೆ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ.

ಹೀಗಾಗಿ ಹಲ್ ಹೌಸ್‌ನಲ್ಲಿ ಕಿಂಡರ್‌ಗಾರ್ಟನ್ ಜೊತೆಗೆ ಒಂದು ‘ಡೇ ನರ್ಸರಿ’ಯೂ ಬಂತು. ಅಂದಿನ ಡೇ ನರ್ಸರಿಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಐದು ಸೆಂಟ್ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಿಡುವುದು, ಸಂಜೆ ಕರೆದುಕೊಂಡು ಹೋಗುವುದು. ಸ್ನಾನ, ಊಟ, ನಿದ್ದೆ. ನನಗೆ ಆಶ್ಚರ್ಯವಾದದ್ದು ಇಷ್ಟು: ಇದನ್ನು ನಡೆಸಿದ ಜೇನ್ ಆಡಮ್ಸ್‌ಗೇ ಇದರ ಬಗ್ಗೆ ಪೂರ್ತಿ ಸಮಾಧಾನ ಇರಲಿಲ್ಲ. ಮಗುವನ್ನು ನೋಡಿಕೊಳ್ಳಲು ಒಂದು ಜಾಗ ಕೊಟ್ಟು, ತಾಯಿ ಒಬ್ಬಳೇ ದುಡಿದು ಸಾಕುವ ಅಸಾಧ್ಯ ಕೆಲಸಕ್ಕೆ ನಾವೇ ಅವಳನ್ನು ತಳ್ಳುತ್ತಿದ್ದೇವೆಯೇ ಎಂದು ಅವರು ಕೇಳಿಕೊಂಡರು. ಅವರ ಸುತ್ತ ಇದ್ದವರು ಬೇರೆ ದಾರಿ ಹುಡುಕಿದರು. 1911ರಲ್ಲಿ ಇಲಿನಾಯ್ ರಾಜ್ಯ, ಮಕ್ಕಳಿರುವ ಬಡ ತಾಯಂದಿರಿಗೆ ಮನೆಯಲ್ಲೇ ಉಳಿಯುವಂತೆ ಹಣ ಕೊಡುವ ಕಾನೂನು ಮಾಡಿತು. ಇಡೀ ರಾಜ್ಯಕ್ಕೆ ಅನ್ವಯಿಸಿದ ಇಂಥ ಕಾನೂನುಗಳಲ್ಲಿ ದೇಶದಲ್ಲೇ ಅದು ಮೊದಲನೆಯದು. ಮರುವರ್ಷ ವಾಷಿಂಗ್ಟನ್‌ನಲ್ಲಿ ‘ಚಿಲ್ಡ್ರನ್ಸ್ ಬ್ಯೂರೊ’ ಎಂಬ ಇಲಾಖೆ ಹುಟ್ಟಿತು. ಅದರ ಮೊದಲ ಮುಖ್ಯಸ್ಥೆ ಜೂಲಿಯಾ ಲಾತ್ರಪ್ ಹಲ್ ಹೌಸ್‌ನಲ್ಲೇ ಇದ್ದವರು. ಚಿಕ್ಕ ಮಗು ತಾಯಿಯ ಹತ್ತಿರವೇ ಇರಬೇಕು ಎನ್ನುವ ನಂಬಿಕೆ ಆ ಇಲಾಖೆಗೆ ಬಹಳ ವರ್ಷ ಅಂಟಿಕೊಂಡಿತ್ತು.

ಅತ್ತ ಕಿಂಡರ್‌ಗಾರ್ಟನ್ ಮರ್ಯಾದಸ್ಥ ದಾರಿ ಹಿಡಿಯಿತು. ಸೇಂಟ್ ಲೂಯಿಸ್‌ನಲ್ಲಿ 1873ರಲ್ಲೇ ಅದು ಸರ್ಕಾರಿ ಶಾಲೆಯೊಳಗೆ ಬಂದಿತ್ತು, 1890ರ ದಶಕದಲ್ಲಿ ಶಿಕಾಗೊದ ಶಾಲೆಗಳಿಗೂ ಬಂತು. ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕ ತಂಗಿ ಎಂದುಕೊಳ್ಳಿ. ಕಿಂಡರ್‌ಗಾರ್ಟನ್ ಶಿಕ್ಷಣ ಇಲಾಖೆಗೆ ಮದುವೆಯಾಗಿ ಹೋದಳು. ಡೇ ನರ್ಸರಿ ದಾನ ಧರ್ಮದ ಮನೆಯಲ್ಲಿ ಉಳಿದಳು.

ಡೆಟ್ರಾಯ್ಟ್ ಕಡೆ ಹೊರಡೋಣ. ಅಲ್ಲಿನ ಶ್ರೀಮಂತ ಮಹಿಳೆ ಲಿಜ್ಜಿ ಮೆರಿಲ್ ಪಾಮರ್ 1916ರಲ್ಲಿ ತೀರಿಕೊಂಡಾಗ, ಹುಡುಗಿಯರಿಗೆ ತಾಯ್ತನದ ತರಬೇತಿ ಕೊಡುವ ಶಾಲೆಗಾಗಿ ತಮ್ಮ ಆಸ್ತಿ ಬರೆದಿಟ್ಟಿದ್ದರು. ಅದರಿಂದ ಹುಟ್ಟಿದ ಮೆರಿಲ್-ಪಾಮರ್ ಶಾಲೆ 1922ರಲ್ಲಿ ಒಂದು ನರ್ಸರಿ ತೆರೆಯಿತು. ತಮಾಷೆ ಏನೆಂದರೆ ಈ ನರ್ಸರಿಗೆ ಮಕ್ಕಳ ಪಾಠವಾಗಲಿ ತಾಯಂದಿರ ಕೆಲಸವಾಗಲಿ ಮೊದಲ ಗುರಿಯಲ್ಲ. ಮಕ್ಕಳನ್ನು ನೋಡಿ ಕಾಲೇಜು ಹುಡುಗಿಯರು ಕಲಿಯಬೇಕಿತ್ತು, ಸಂಶೋಧಕರು ಟಿಪ್ಪಣಿ ಬರೆಯಬೇಕಿತ್ತು. 1933ರಲ್ಲಿ ಆರ್ಥಿಕ ಕುಸಿತದ ಕಾಲಕ್ಕೆ ಕೇಂದ್ರ ಸರ್ಕಾರ ದೇಶದ ತುಂಬ ತುರ್ತು ನರ್ಸರಿ ಶಾಲೆಗಳನ್ನು ತೆರೆದಾಗಲೂ ಒಂದು ಮುಖ್ಯ ಕಾರಣ ಕೆಲಸ ಕಳೆದುಕೊಂಡ ಶಿಕ್ಷಕಿಯರು, ದಾದಿಯರು, ಅಡಿಗೆಯವರಿಗೆ ಕೆಲಸ ಕೊಡುವುದು. ಪಾಠವೋ ಪಾಲನೆಯೋ ಎಂದು ನಾವು ಕೇಳುತ್ತೇವೆ, ಎಷ್ಟೋ ಸಲ ಉತ್ತರ ಎರಡೂ ಅಲ್ಲ.

ಆಮೇಲೆ ಯುದ್ಧ ಬಂತು. ಐ-94ರಲ್ಲಿ ಯಿಪ್ಸಿಲಾಂಟಿ ದಾಟಿದ ಮೇಲೆ ವಿಲೋ ರನ್ ವಿಮಾನ ನಿಲ್ದಾಣ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಫೋರ್ಡ್ ಕಂಪನಿ ಬಿ-24 ಲಿಬರೇಟರ್ ಬಾಂಬರ್ ವಿಮಾನಗಳನ್ನು ತಯಾರಿಸುತ್ತಿತ್ತು, ಒಟ್ಟು 8,685. ಕೆಲಸ ಉಚ್ಛ್ರಾಯದಲ್ಲಿದ್ದಾಗ 42,000 ಜನ ದುಡಿಯುತ್ತಿದ್ದರು, ಅವರಲ್ಲಿ ಸಾವಿರಾರು ಹೆಂಗಸರು. ಗಂಡಂದಿರು ಯುದ್ಧಭೂಮಿಯಲ್ಲಿ, ಹೆಂಡತಿಯರು ರಿವೆಟ್ ಗನ್ ಹಿಡಿದು ರೆಕ್ಕೆಯ ಮೇಲೆ. ಮಕ್ಕಳು ಎಲ್ಲಿ?

ಆಗ ಸರ್ಕಾರ ಮಾಡಿದ ಕೆಲಸವನ್ನು ನಮ್ಮ ಹೈಸ್ಕೂಲಿನ ಇತಿಹಾಸ ಪಾಠದಲ್ಲಿ ಯಾರೂ ಹೇಳಲಿಲ್ಲ. ಲ್ಯಾನ್‌ಹ್ಯಾಮ್ ಕಾಯ್ದೆ ಎಂಬ 1940ರ ಕಾನೂನು ಮೂಲತಃ ಯುದ್ಧ ಕೈಗಾರಿಕೆಗಳ ಊರುಗಳಿಗೆ ಮನೆ, ನೀರು, ಆಸ್ಪತ್ರೆ ಕಟ್ಟುವುದಕ್ಕೆ ಇದ್ದದ್ದು. 1942ರಿಂದ ಅದೇ ಹಣದಲ್ಲಿ ಮಕ್ಕಳ ಕೇಂದ್ರಗಳನ್ನು ನಡೆಸಿದರು. 1944ರ ಜುಲೈ ಹೊತ್ತಿಗೆ ದೇಶದಲ್ಲಿ 3,000ಕ್ಕೂ ಹೆಚ್ಚು ಕೇಂದ್ರಗಳು, ಅವುಗಳಲ್ಲಿ ಸುಮಾರು 1,30,000 ಮಕ್ಕಳು. ಬಡವರಿಗೆ ಮಾತ್ರ ಎಂಬ ಷರತ್ತು ಇರಲಿಲ್ಲ. ಶುಲ್ಕ ದಿನಕ್ಕೆ ಸುಮಾರು 50 ಸೆಂಟ್. ಕಾರ್ಖಾನೆಯ ಪಾಳಿಗೆ ಸರಿಯಾಗಿ ನಸುಕಿನಲ್ಲೇ ತೆರೆಯುತ್ತಿದ್ದ ಕೇಂದ್ರಗಳಿದ್ದವು. ವಾಷಿಂಗ್ಟನ್‌ನಲ್ಲಿ ಮಾತ್ರ ಇದು ಯಾರ ಕೆಲಸ ಎಂದು ಜಗಳವೋ ಜಗಳ. ಶಿಕ್ಷಣ ಇಲಾಖೆ ಇದು ಶಾಲೆ, ನಮಗೆ ಬಿಡಿ ಎಂದಿತು. ಚಿಲ್ಡ್ರನ್ಸ್ ಬ್ಯೂರೊ ಇದು ಮಕ್ಕಳ ಕಲ್ಯಾಣ, ನಾವೇ ನೋಡಬೇಕು, ಅದರಲ್ಲೂ ತೀರ ಎಳೆಯ ಕೂಸುಗಳನ್ನು ಗುಂಪಾಗಿ ಸಾಕುವುದು ಸರಿಯಲ್ಲ ಎಂದಿತು. ಊರೂರುಗಳಲ್ಲಿ ಬಹುಪಾಲು ಕೇಂದ್ರಗಳನ್ನು ನಡೆಸಿದ್ದು ಶಾಲಾ ಮಂಡಳಿಗಳೇ.

ಯುದ್ಧ ಮುಗಿಯಿತು. 1945ರ ಆಗಸ್ಟ್‌ನಲ್ಲೇ ಹಣ ನಿಲ್ಲಿಸುತ್ತೇವೆ ಎಂದು ಪ್ರಕಟಣೆ ಹೊರಟಿತು. ತಾಯಂದಿರು ಪತ್ರ, ತಂತಿ ಕಳಿಸಿದ್ದಕ್ಕೆ ಕೆಲವು ತಿಂಗಳು ಮುಂದೂಡಿ, 1946ರ ಫೆಬ್ರುವರಿ ಕೊನೆಗೆ ನಿಲ್ಲಿಸಿದರು. ನನ್ನ ಲೆಕ್ಕದಲ್ಲಿ ಇಡೀ ಪ್ರಶ್ನೆಯ ಮರ್ಮ ಇಲ್ಲಿದೆ. ಅದನ್ನು ‘ಶಾಲೆ’ ಎಂದು ಕರೆದಿದ್ದರೆ ಮುಚ್ಚುವುದು ಇಷ್ಟು ಸುಲಭವಾಗುತ್ತಿರಲಿಲ್ಲ. ಯುದ್ಧ ಮುಗಿಯಿತು, ಇನ್ನು ಮೂರನೇ ಕ್ಲಾಸು ಮುಚ್ಚೋಣ ಎಂದು ಯಾರೂ ಹೇಳುವುದಿಲ್ಲ. ಪಾಲನೆ ಎಂದರೆ ಆಪತ್ತಿಗೆ ಆದ ಏರ್ಪಾಡು, ಪಾಠ ಎಂದರೆ ಹಕ್ಕು. ವಿಚಿತ್ರವೆಂದರೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕ್ರಿಸ್ ಹರ್ಬ್ಸ್ಟ್ ಎಷ್ಟೋ ವರ್ಷಗಳ ನಂತರ ಜನಗಣತಿಯ ಅಂಕಿ ಅಂಶ ಹಿಡಿದು ಲೆಕ್ಕ ಹಾಕಿದಾಗ, ಲ್ಯಾನ್‌ಹ್ಯಾಮ್ ಹಣ ಹೆಚ್ಚು ಸಿಕ್ಕ ರಾಜ್ಯಗಳ ಆ ವಯಸ್ಸಿನ ಮಕ್ಕಳು ದೊಡ್ಡವರಾದ ಮೇಲೆ ಓದಿನಲ್ಲೂ ಸಂಪಾದನೆಯಲ್ಲೂ ಮುಂದಿದ್ದರು. ಅಂದರೆ ಬರೀ ‘ನೋಡಿಕೊಳ್ಳಲು’ ತೆರೆದ ಜಾಗದಲ್ಲಿ ಮಕ್ಕಳು ಏನೋ ಕಲಿತಿದ್ದರು.

ಇನ್ನು ಇದರ ಉಲ್ಟಾ ಕಥೆ. ಅದೂ ಯಿಪ್ಸಿಲಾಂಟಿಯಲ್ಲೇ, ವಿಲೋ ರನ್‌ನಿಂದ ಕೆಲವೇ ಮೈಲಿ ದೂರ. 1962ರಲ್ಲಿ ಅಲ್ಲಿನ ಪೆರಿ ಎಲಿಮೆಂಟರಿ ಶಾಲೆಯಲ್ಲಿ ಡೇವಿಡ್ ವೈಕಾರ್ಟ್ ಎಂಬವರು ಒಂದು ಪ್ರಯೋಗ ಆರಂಭಿಸಿದರು. ಆ ಶಾಲೆಯ ಪ್ರಾಂಶುಪಾಲರು ಚಾರ್ಲ್ಸ್ ಯೂಜೀನ್ ಬೀಟಿ ಎಂಬ ಆಫ್ರಿಕನ್ ಅಮೆರಿಕನ್ ಶಿಕ್ಷಕರು. ಬಡ ಆಫ್ರಿಕನ್ ಅಮೆರಿಕನ್ ಕುಟುಂಬಗಳ 123 ಮಕ್ಕಳು, ವಯಸ್ಸು ಮೂರು, ನಾಲ್ಕು. ಅವರಲ್ಲಿ 58 ಮಕ್ಕಳಿಗೆ ಪ್ರೀಸ್ಕೂಲ್, ಉಳಿದ 65 ಮಕ್ಕಳಿಗೆ ಇಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ ಎರಡೂವರೆ ಗಂಟೆ ಪಾಠ, ವಾರಕ್ಕೊಮ್ಮೆ ಟೀಚರ್ ಮನೆಗೇ ಬಂದು ತಾಯಿ ಮಗು ಇಬ್ಬರ ಜೊತೆ ಒಂದೂವರೆ ಗಂಟೆ ಕೂರುವುದು. ಆಮೇಲೆ ಆ ಮಕ್ಕಳನ್ನು ಬಿಡದೆ ಹಿಂಬಾಲಿಸಿ, ಅವರಿಗೆ 40 ವರ್ಷವಾದಾಗಲೂ ಹುಡುಕಿ ಮಾತಾಡಿಸಿದರು. ಐಕ್ಯೂ ಹೆಚ್ಚಳ ಕೆಲವು ವರ್ಷಗಳಲ್ಲೇ ಕರಗಿಹೋಗಿತ್ತು. ಆದರೆ ಪ್ರೀಸ್ಕೂಲಿಗೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಸಂಪಾದನೆ ಹೆಚ್ಚು. ಐದು ಅಥವಾ ಹೆಚ್ಚು ಸಲ ಪೊಲೀಸರು ಹಿಡಿದವರು ನೂರಕ್ಕೆ 36, ಹೋಗದವರಲ್ಲಿ ನೂರಕ್ಕೆ 55. ಶಿಕಾಗೊ ವಿಶ್ವವಿದ್ಯಾಲಯದ ನೊಬೆಲ್ ವಿಜೇತ ಜೇಮ್ಸ್ ಹೆಕ್ಮನ್ ಈ ಲೆಕ್ಕವನ್ನೆಲ್ಲ ಜಾಲಾಡಿ, ಅಲ್ಲಿ ಹಾಕಿದ ಹಣಕ್ಕೆ ಸಮಾಜಕ್ಕೆ ವರ್ಷಕ್ಕೆ ನೂರಕ್ಕೆ 7ರಿಂದ 10ರಷ್ಟು ಪ್ರತಿಫಲ ಸಿಕ್ಕಿದೆ ಎಂದರು. ಇಂದು ಅಮೆರಿಕದಲ್ಲಿ ಯಾವ ಗವರ್ನರ್ ಪ್ರೀಸ್ಕೂಲ್ ಬಗ್ಗೆ ಭಾಷಣ ಮಾಡಿದರೂ ಅದರ ಹಿಂದೆ ಎಲ್ಲೋ ಈ 58 ಮಕ್ಕಳಿದ್ದಾರೆ.

ಆದರೆ ಎರಡೂವರೆ ಗಂಟೆ! ಒಂಬತ್ತಕ್ಕೆ ಬಿಟ್ಟರೆ ಹನ್ನೊಂದೂವರೆಗೆ ಕರೆದುಕೊಂಡು ಬರಬೇಕು. ಹೆಕ್ಮನ್ ಮತ್ತು ಅವರ ಜೊತೆಗಾರರು ಬರೆದ ಲೇಖನಗಳಲ್ಲಿ ಒಂದು ಸಣ್ಣ ವಿವರ ಇದೆ. ಪ್ರೀಸ್ಕೂಲ್ ಗುಂಪಿಗೆ ಆಯ್ಕೆಯಾಗಿದ್ದ ಕೆಲವು ಮಕ್ಕಳನ್ನು ಆಮೇಲೆ ಇನ್ನೊಂದು ಗುಂಪಿಗೆ ಬದಲಾಯಿಸಿದರಂತೆ, ಯಾಕೆಂದರೆ ಅವರ ತಾಯಂದಿರು ಕೆಲಸಕ್ಕೆ ಹೋಗುತ್ತಿದ್ದರು. ಮನೆಗೆ ಟೀಚರ್ ಬಂದರೆ ತಾಯಿ ಇರುವುದಿಲ್ಲ. ಜಗತ್ತಿನ ಅತಿ ಪ್ರಸಿದ್ಧ ಪ್ರೀಸ್ಕೂಲಿನಲ್ಲಿ ದುಡಿಯುವ ಅಮ್ಮನ ಮಗುವಿಗೆ ಜಾಗ ಕಷ್ಟವಾಯಿತು. ನೂರು ಪುಟದ ಲೇಖನದಲ್ಲಿ ಅದು ಅಂಕಿಸಂಖ್ಯೆಯ ತೊಡಕು ಮಾತ್ರ. ನನಗೆ ಅದೇ ಮುಖ್ಯವಾಗಿ ಕಂಡಿತು, ಅದಕ್ಕೆ ಕಾರಣ ನನ್ನ ಅಜ್ಜಿ.

ಅಮ್ಮನ ಅಮ್ಮ ಹುಟ್ಟಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಪೆರಿ ಶಾಲೆಯ ಪ್ರಯೋಗ ಶುರುವಾದ ಕಾಲದಲ್ಲೇ, ಅಂದರೆ 1962ರ ಸುಮಾರಿಗೆ, ಅವರು ಶಾಲೆ ಬಿಟ್ಟರು. "ನಾಕ್ನೇ ಕ್ಲಾಸು ಗಂಟ ಓದಿವ್ನಿ ಕಣವ್ವ" ಎನ್ನುತ್ತಾರೆ. ಅವರ ತಾಯಿ ಗದ್ದೆ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಇಬ್ಬರು ತಮ್ಮಂದಿರು. ಚಿಕ್ಕವನನ್ನು ಕಂಕುಳಲ್ಲಿ ಎತ್ತಿಕೊಂಡೇ ಕೆಲವು ದಿನ ಶಾಲೆಗೆ ಹೋದರಂತೆ. ಅವನು ಅತ್ತ. ಕೂಸನ್ನು ಮನೆಯಲ್ಲಿ ಬಿಟ್ಟು ಬಾ ಎಂದು ಮೇಷ್ಟ್ರು ಕಳಿಸಿದರು. ಬಿಡುವುದಕ್ಕೆ ಮನೆಯಲ್ಲಿ ಯಾರಿದ್ದರು? ಅಜ್ಜಿ ಮತ್ತೆ ಹೋಗಲಿಲ್ಲ. ಆ ತಮ್ಮ ಬೆಳೆದು ಬಿ.ಎ. ಓದಿ ಸರ್ಕಾರಿ ಕೆಲಸ ಹಿಡಿದು ನಿವೃತ್ತರಾದರು. ಅಜ್ಜಿ ಈಗಲೂ ವಿಮಾನ ನಿಲ್ದಾಣದಲ್ಲಿ ಫಾರಂ ತುಂಬುವುದಕ್ಕೆ ಪಕ್ಕದ ಸೀಟಿನವರನ್ನು ಕೇಳುತ್ತಾರೆ. ಇದನ್ನು ಅವರು ದೂರಿನಂತೆ ಹೇಳುವುದಿಲ್ಲ, ಮಳೆ ಬಂತು ಎಂದ ಹಾಗೆ ಹೇಳುತ್ತಾರೆ.

ಮೇಜಿನ ಕಾಲಿಗೆ ಕಟ್ಟಿದ ಶಿಕಾಗೊದ ಮಗುವೂ, ಅದಕ್ಕೆ ಊಟ ಕೊಡಲು ಓಡಿ ಬರುತ್ತಿದ್ದ ಅಣ್ಣನೂ ನನಗೆ ಅರ್ಥವಾದದ್ದು ಹೀಗೆ. ಚಿಕ್ಕ ಮಗುವಿಗೆ ಸಿಗದ ಪಾಲನೆಯ ಬೆಲೆಯನ್ನು ಎಷ್ಟೋ ಸಲ ದೊಡ್ಡ ಮಗು ತನ್ನ ಪಾಠದಿಂದ ತೆರುತ್ತದೆ, ಭಾರತದಲ್ಲಾದರೆ ಹೆಚ್ಚಾಗಿ ಹೆಣ್ಣುಮಗು. ಹಾಗಾದರೆ ಪಾಲನೆ ಬೇರೆ, ಶಿಕ್ಷಣ ಬೇರೆ ಎಂದು ಗೆರೆ ಎಳೆಯುವುದು ಎಲ್ಲಿ?

ಇದನ್ನು ಚೆನ್ನಾಗಿ ಅರಿತಿದ್ದವರು ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. ಕೋಸಬಾಡ್‌ನ ಆದಿವಾಸಿಗಳ ನಡುವೆ ಅವರು ಕೂಸುಗಳ ಕೋಣೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಟ್ಟಿಗೆ ನಡೆಸಿದರು. ಅಕ್ಕ ತಂಗಿಯನ್ನು ಎತ್ತಿಕೊಂಡು ಬಂದರೆ ಇಬ್ಬರಿಗೂ ಜಾಗ. ‘ಅಂಗನವಾಡಿ’ ಎಂಬ ಪದವನ್ನು ಬಳಕೆಗೆ ತಂದ ಕೀರ್ತಿಯೂ ತಾರಾಬಾಯಿಯವರದೇ ಎನ್ನುತ್ತಾರೆ, ಅಂಗಳದಲ್ಲಿ ನಡೆಯುವ ಶಾಲೆ.

1975ರ ಅಕ್ಟೋಬರ್ 2ರಂದು ಭಾರತ ಸರ್ಕಾರ ಐಸಿಡಿಎಸ್ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಯಾವ ತಾಲ್ಲೂಕು ಗೊತ್ತೇ? ತಿ. ನರಸೀಪುರ, 100 ಅಂಗನವಾಡಿಗಳೊಂದಿಗೆ. ಅಜ್ಜಿಗೆ ಹದಿಮೂರು ವರ್ಷ ತಡವಾಗಿ ಬಂತು. ಅವರ ದೊಡ್ಡ ಮಗಳಿಗೆ, ಅಂದರೆ ನನ್ನ ದೊಡ್ಡಮ್ಮನಿಗೆ, ಸರಿಯಾದ ಸಮಯಕ್ಕೆ ಬಂತು. ದೊಡ್ಡಮ್ಮ ಎಪ್ಪತ್ತರ ದಶಕದ ಕೊನೆಯಲ್ಲಿ ಅಂಗನವಾಡಿಯ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದವರು. ಎಸ್‌ಎಸ್‌ಎಲ್‌ಸಿ ಮುಗಿಸಿ ಈಗ ಅದೇ ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ.

ಐಸಿಡಿಎಸ್‌ನ ಆರು ಸೇವೆಗಳಲ್ಲಿ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಇವೆಲ್ಲ ಇವೆ. ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ ಅವುಗಳಲ್ಲಿ ಒಂದು. ದೊಡ್ಡಮ್ಮನಿಗೆ ವಾಟ್ಸಾಪ್‌ನಲ್ಲಿ ಕರೆ ಮಾಡಿ, ನೀವು ಟೀಚರ್ರೋ ಮಕ್ಕಳನ್ನು ನೋಡಿಕೊಳ್ಳುವವರೋ ಎಂದು ಕೇಳಿದೆ. ಅವರು ನಕ್ಕರು. "ಊರ್ನೋರು ಟೀಚ್ರಮ್ಮ ಅಂತಾರೆ. ಸರ್ಕಾರ್ದೋರು ಕಾರ್ಯಕರ್ತೆ ಅಂತಾರೆ. ದುಡ್ಡು ಕೊಡುವಾಗ ಮಾತ್ರ ಸಂಬಳ ಅನ್ನಕಿಲ್ಲ, ಗೌರವಧನ ಅಂತಾರೆ" ಎಂದರು. ಬೆಳಿಗ್ಗೆ ಹಾಡು, ಕಥೆ, ಬಣ್ಣ, ಎಣಿಕೆ. ನಡುವೆ ಮೊಟ್ಟೆ, ಹಾಲು, ಊಟ. ಮಗುವಿನ ತೂಕ ನೋಡಿ ಬರೆಯುವುದು, ಬಸುರಿಯರ ಪಟ್ಟಿ, ಫೋನಿನ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬುವುದು. "ಆ್ಯಪ್ ಸಾಕೋದೇ ಕಷ್ಟ, ಮಕ್ಕಳನ್ನ ಸಾಕ್ಬೋದು" ಎಂದರು.

ಈ ಹೆಸರಿನ ಗೊಂದಲ ಬರೀ ತಮಾಷೆಯಲ್ಲ. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆ ಅಲ್ಲ ಎಂದಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಅದೇ ಕೋರ್ಟ್ ಅವರಿಗೆ ಗ್ರಾಚ್ಯುಟಿ ಸಿಗಬೇಕು ಎಂದು ತೀರ್ಪು ಕೊಟ್ಟಿತು. ಕೊಟ್ಟ ಕಾರಣಗಳಲ್ಲಿ ಒಂದು, ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ನಡೆಯುವುದು ಶಿಕ್ಷಣದ ಕೆಲಸ, ಅಲ್ಲಿ ಕಲಿಸುವವರು ಇವರೇ ಎನ್ನುವುದು. ಶಾಲೆ ಎಂದ ಕೂಡಲೇ ಮುಪ್ಪಿನ ಕಾಲಕ್ಕೆ ನಾಲ್ಕು ಕಾಸು. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿಯವರು ಬೀದಿಗಿಳಿದದ್ದೂ ಇದಕ್ಕೇ. ಪಾಠ ಶಾಲೆಗೆ ಹೋದರೆ ನಮಗೆ ಉಳಿಯುವುದೇನು ಎಂಬುದು ಅವರ ಭಯ. ಮುಂದೆ ಬೆಂಗಳೂರಿನಲ್ಲಿ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೊಸ ರೂಪ ಬಂತು. ಅದೇ ಕರ್ನಾಟಕ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ‘ಕೂಸಿನ ಮನೆ’ ಯೋಜನೆಯನ್ನೂ ತಂದಿದೆ. ಒಂದಕ್ಕೆ ಇಟಲಿಯ ಹೆಸರು, ಇನ್ನೊಂದಕ್ಕೆ ಅಪ್ಪಟ ಹಳ್ಳಿಯ ಹೆಸರು. ಯಾವುದು ಪಾಠ, ಯಾವುದು ಪಾಲನೆ ಎಂದು ಹೆಸರಿನಲ್ಲೇ ಗೊತ್ತಾಗುತ್ತದೆ.

ನಮ್ಮ ಮನೆಯ ಕಥೆಯನ್ನೂ ಇಲ್ಲಿ ಸೇರಿಸುತ್ತೇನೆ, ಯಾಕೆಂದರೆ ಈ ಪುಸ್ತಿಕೆ ಓದುವ ಎಷ್ಟೋ ಮನೆಗಳ ಕಥೆ ಅದು. ನಾನು ಮೂರು ವರ್ಷದವಳಿದ್ದಾಗ ಅಮ್ಮ ಎಚ್-4 ವೀಸಾದಲ್ಲಿದ್ದರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ್ದರೂ ಇಲ್ಲಿ ದುಡಿಯಲು ಕಾನೂನಿನ ಅನುಮತಿ ಇರಲಿಲ್ಲ. ನನ್ನನ್ನು ವಾರಕ್ಕೆ ಮೂರು ದಿನ ಬೆಳಿಗ್ಗೆ ಎರಡೂವರೆ ಗಂಟೆ ಪ್ರೀಸ್ಕೂಲಿಗೆ ಕಳಿಸುತ್ತಿದ್ದರು, ಥೇಟ್ ಪೆರಿ ಶಾಲೆಯ ಲೆಕ್ಕ. 2015ರ ಮೇ ತಿಂಗಳಲ್ಲಿ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಎಚ್-4 ಹೆಂಡತಿಯರಿಗೆ ಕೆಲಸದ ಪರವಾನಗಿ ಸಿಗುವ ನಿಯಮ ಜಾರಿಗೆ ಬಂತು. ಅಮ್ಮ ಕೆಲಸಕ್ಕೆ ಸೇರಿದರು. ತಮ್ಮ ಅದೇ ಕಟ್ಟಡಕ್ಕೆ ಬೆಳಿಗ್ಗೆ ಏಳೂವರೆಯಿಂದ ಸಂಜೆ ಐದೂವರೆವರೆಗೆ ಹೋದ. ಅದೇ ಬಾಗಿಲು, ಅದೇ ಮೀನಿನ ತೊಟ್ಟಿ. ಆದರೆ ಮನೆಯಲ್ಲಿ ನನ್ನದನ್ನು ‘ಸ್ಕೂಲ್’ ಎಂದರು, ಅವನದನ್ನು ‘ಡೇಕೇರ್’ ಎಂದರು. ಊರಿನಿಂದ ಫೋನ್ ಮಾಡಿದ ಬಂಧುಗಳು ನನ್ನ ವಿಷಯಕ್ಕೆ "ಎಷ್ಟು ಬೇಗ ಶಾಲೆಗೆ ಹೋಗ್ತಾಳೆ, ಜಾಣೆ" ಎಂದಿದ್ದರು. ತಮ್ಮನ ವಿಷಯಕ್ಕೆ "ಪಾಪ, ಅಷ್ಟು ಹೊತ್ತು ಬಿಡ್ತೀರಾ?" ಎಂದರು. ಆ ‘ಪಾಪ’ ಅಮ್ಮನಿಗೆ ಹೇಗೆ ಕೇಳಿಸಿತೋ ಎಂದು ಈಗ ಯೋಚಿಸುತ್ತೇನೆ. ಅಪ್ಪನೂ ಆಫೀಸಿಗೆ ಹೋಗುತ್ತಿದ್ದರು, ಅವರಿಗೆ ಯಾರೂ ‘ಪಾಪ’ ಎನ್ನಲಿಲ್ಲ.

ಇಡೀ ದೇಶಕ್ಕೇ ಈ ‘ಪಾಪ’ ಅಂಟಿಕೊಂಡಿದೆ. 1971ರಲ್ಲಿ ಎಲ್ಲ ವರ್ಗದ ಮಕ್ಕಳಿಗೂ ಪಾಲನೆ, ಶಿಕ್ಷಣ ಎರಡನ್ನೂ ಕೊಡುವ ಒಂದು ಮಸೂದೆ ಸಂಸತ್ತಿನ ಎರಡೂ ಸದನಗಳಲ್ಲಿ ಪಾಸಾಗಿತ್ತು. ಆ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಅದನ್ನು ತಿರಸ್ಕರಿಸಿದರು; ಮಕ್ಕಳನ್ನು ಬೆಳೆಸುವುದು ಕುಟುಂಬದ ಕೆಲಸ ಎಂಬುದು ಅವರ ವಾದದ ತಿರುಳು. ಬಡ ಮಕ್ಕಳ ಶಾಲಾಪೂರ್ವ ಶಿಕ್ಷಣಕ್ಕಾಗಿ 1965ರಲ್ಲಿ ಶುರುವಾಗಿದ್ದ ‘ಹೆಡ್ ಸ್ಟಾರ್ಟ್’ ಮಾತ್ರ ಉಳಿಯಿತು.

ಎರಡನ್ನೂ ನಿಜವಾಗಿ ಬಿಡಿಸಿ ನೋಡಿದ್ದು ನಮ್ಮ ಪೀಳಿಗೆ. 2020ರ ಮಾರ್ಚ್‌ನಲ್ಲಿ ಮಿಷಿಗನ್ ಮತ್ತು ಇಲಿನಾಯ್ ಶಾಲೆಗಳು ಒಂದು ದಿನದ ಅಂತರದಲ್ಲಿ ಮುಚ್ಚಿದವು. ಆ ವರ್ಷ ತಮ್ಮನ ಕಿಂಡರ್‌ಗಾರ್ಟನ್ ಶುರುವಾದದ್ದು ಜೂಮ್‌ನಲ್ಲಿ. ಪಾಠ ಮನೆಗೆ ಬಂತು, ಪಾಲನೆ ಬರಲಿಲ್ಲ. ಟೀಚರ್ ಪರದೆಯ ಮೇಲೆ ಹಾಡುತ್ತಿದ್ದರು, ತಮ್ಮ ಮೇಜಿನ ಕೆಳಗೆ ತೆವಳುತ್ತಿದ್ದ, ಅಮ್ಮ ಒಂದು ಕಿವಿಯಲ್ಲಿ ಆಫೀಸ್ ಮೀಟಿಂಗ್ ಇಟ್ಟುಕೊಂಡು ಅವನನ್ನು ಮೇಲೆ ಎಳೆಯುತ್ತಿದ್ದರು. ಅಮೆರಿಕದ ಹಲವು ಕಡೆ ಇದಕ್ಕಿಂತ ವಿಚಿತ್ರ ನಡೆಯಿತು: ಶಾಲೆಯ ಜಿಮ್‌ಗಳಲ್ಲಿ, ವೈಎಂಸಿಎಗಳಲ್ಲಿ ಮಕ್ಕಳು ಲ್ಯಾಪ್‌ಟಾಪ್ ಮುಂದೆ ಕುಳಿತು, ಮನೆಯಲ್ಲಿದ್ದ ಟೀಚರ್ ಪಾಠ ಕೇಳಿದರು, ಪಕ್ಕದಲ್ಲಿ ನೋಡಿಕೊಳ್ಳಲು ಕಡಿಮೆ ಸಂಬಳದ ಬೇರೆಯವರು. ಶಿಕಾಗೊದಲ್ಲಿ 2021ರ ಜನವರಿಯಲ್ಲಿ ಮೊದಲು ತರಗತಿಗೆ ಮರಳಿದವರು ಹೈಸ್ಕೂಲಿನವರಲ್ಲ, ಪ್ರೀ-ಕೆ ಪುಟಾಣಿಗಳು ಮತ್ತು ವಿಶೇಷ ಅಗತ್ಯದ ಕೆಲವು ಮಕ್ಕಳು. ನಾವು ಬೇಸರ ಒಂಟಿತನ ಎಂದು ಏನೇ ಗೊಣಗಿದರೂ, ನಮ್ಮನ್ನು ಮನೆಯಲ್ಲಿ ಬಿಟ್ಟು ಹೋಗಬಹುದಿತ್ತು. ನಾಲ್ಕು ವರ್ಷದವರನ್ನು ಬಿಡಲಾಗದು.

ಹಾಗಾದರೆ ನನ್ನ ಉತ್ತರ? ಆರು ವರ್ಷದೊಳಗಿನ ಮಕ್ಕಳ ಶಾಲೆ ಮೊದಲು ಪಾಲನೆಯೇ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಪಾಲನೆ ಚೆನ್ನಾಗಿದ್ದರೆ ಪಾಠ ಅದರೊಳಗೇ ನಡೆಯುತ್ತದೆ, ಲ್ಯಾನ್‌ಹ್ಯಾಮ್ ಕೇಂದ್ರಗಳಲ್ಲಿ ನಡೆದ ಹಾಗೆ. ಎರಡೂವರೆ ಗಂಟೆಯ ಒಳ್ಳೆಯ ಪಾಠ ಕೊಟ್ಟು ಉಳಿದ ದಿನವನ್ನು ಯಾರ ಮೇಲೋ ಬಿಟ್ಟರೆ, ಆ ಯಾರೋ ಎನ್ನುವವರು ಹತ್ತು ವರ್ಷದ ಒಬ್ಬ ಅಕ್ಕ ಆಗಿರಬಹುದು. ನನ್ನ ಗೆಳತಿ ಇದನ್ನು ಒಪ್ಪುವುದಿಲ್ಲ. ಶಾಲೆಯನ್ನು ಪಾಲನೆ ಎಂದು ಕರೆದರೆ ಟೀಚರ್ ಸಂಬಳ ಇನ್ನೂ ಇಳಿಯುತ್ತದೆ ಎನ್ನುತ್ತಾಳೆ, ಅವಳ ಅಮ್ಮ ಪ್ರೀಸ್ಕೂಲ್ ಟೀಚರ್. 1946ನ್ನೂ ದೊಡ್ಡಮ್ಮನ ಗೌರವಧನವನ್ನೂ ನೋಡಿದರೆ ಅವಳ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಸರ್ಕಾರಗಳೂ ಈಗ ಗೆರೆ ಅಳಿಸಲು ಹೊರಟಿವೆ. ಇಲಿನಾಯ್‌ನಲ್ಲಿ ಇಷ್ಟು ವರ್ಷ ಪ್ರೀಸ್ಕೂಲ್ ಶಿಕ್ಷಣ ಮಂಡಳಿಯ ಕೈಯಲ್ಲಿ, ಡೇಕೇರ್ ಸಹಾಯಧನ ಇನ್ನೊಂದು ಇಲಾಖೆಯಲ್ಲಿ, ಲೈಸೆನ್ಸ್ ಮತ್ತೊಂದರಲ್ಲಿ ಇತ್ತು. ಮೂರನ್ನೂ ಸೇರಿಸಿ ಒಂದೇ ಇಲಾಖೆ ಮಾಡುವ ಕಾನೂನಿಗೆ 2024ರಲ್ಲಿ ಸಹಿ ಬಿತ್ತು, 2026ರ ಜುಲೈಯಿಂದ ಅದು ಪೂರ್ತಿ ಕೆಲಸ ಶುರುಮಾಡಬೇಕು. ಮಿಷಿಗನ್ 2023ರ ಡಿಸೆಂಬರ್‌ನಲ್ಲೇ ಇಂಥ ಒಂದು ಇಲಾಖೆ ತೆರೆದಿದೆ. ಕರ್ನಾಟಕದಲ್ಲಿ ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿದೆ, ಶಾಲೆ ಶಿಕ್ಷಣ ಇಲಾಖೆಯಲ್ಲಿ.

ನಮ್ಮ ಕನ್ನಡ ಶಾಲೆಯ ಮಾತೂ ಹೇಳಿಬಿಡುತ್ತೇನೆ. ಭಾನುವಾರ ನಮ್ಮನ್ನು ಇಳಿಸಿ ಕೆಲವು ಅಪ್ಪ ಅಮ್ಮಂದಿರು ಕಾರಿನಲ್ಲೇ ಸ್ವಲ್ಪ ಕಣ್ಣು ಮುಚ್ಚುತ್ತಾರೆ, ಕೆಲವರು ಪಟೇಲ್ ಬ್ರದರ್ಸ್‌ಗೆ ಹೋಗಿ ನುಗ್ಗೆಕಾಯಿ ತರುತ್ತಾರೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಈ ವರ್ಷ ನಾನು ನಾಲ್ಕು ವರ್ಷದವರ ಪುಟಾಣಿ ತರಗತಿಯಲ್ಲಿ ಸಹಾಯಕಿಯಾಗಿದ್ದೆ. ‘ಅ’ ಬರೆಸಿದ್ದಕ್ಕಿಂತ ಶೂ ಲೇಸು ಕಟ್ಟಿದ್ದು, ಮೂಗು ಒರೆಸಿದ್ದು, ಬಾತ್‌ರೂಮಿಗೆ ಓಡಿದ್ದು ಹೆಚ್ಚು. ಒಬ್ಬ ಪುಟಾಣಿ ಅಕ್ಟೋಬರ್‌ವರೆಗೆ ಬಾಯಿ ಬಿಡಲಿಲ್ಲ, ನನ್ನ ಕುರ್ತಾದ ತುದಿ ಹಿಡಿದುಕೊಂಡೇ ಇದ್ದ. ನವೆಂಬರ್‌ನಲ್ಲಿ ಒಂದು ದಿನ ಲೇಸು ಕಟ್ಟುತ್ತಿದ್ದಾಗ "ಅಕ್ಕಾ, ಬಿಗಿ ಆಯ್ತು" ಎಂದ. ಅದು ಅವನು ನಮ್ಮ ಶಾಲೆಯಲ್ಲಿ ಆಡಿದ ಮೊದಲ ಕನ್ನಡ ಮಾತು. ನಾನು ಲೇಸು ಸಡಿಲ ಮಾಡಿದೆ, ಆಮೇಲೆ ಅವನು ಹೋಗಿ ಚಾಪೆಯ ಮೇಲೆ ಕೂತು ಬಣ್ಣದ ಸೀಸದಕಡ್ಡಿಗಾಗಿ ಪಕ್ಕದವಳ ಜೊತೆ ಜಗಳ ತೆಗೆದ, ಅದೂ ಕನ್ನಡದಲ್ಲೇ.